ಕಲ್ಲಿನ ಎಡಭಾಗ

ಕಪ್ಪು ಗೋರಿಕಲ್ಲಿನ ಬಲಭಾಗದಲ್ಲಿ ವೊಯಿನ್ ಎರಡು ವರ್ಷದಿಂದ ಮೀಸೆ ತಿರುವಿಕೊಂಡು ನಿಂತಿದ್ದ, ಫೋಟೊದಲ್ಲಿದ್ದಂತೆಯೇ ಅಡಿಯಿಂದ ಮುಡಿಯವರೆಗೆ ಕೆತ್ತಿಸಿಕೊಂಡು. ಎಡಭಾಗದಲ್ಲಿ ಹೆಂಡತಿ ರೊಸಂದಾಳ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಅದರಾಚೆ ಖಾಲಿ. ಚಿತ್ರ ಮಾತ್ರ ಬಾಕಿ. ಬದುಕಿರುವಾಗಲೇ ಅದನ್ನು ತಾನೇ ಆರಿಸದಿದ್ದರೆ ಆಮೇಲೆ ನಾದಿನಿಯರು ಯಾವುದೋ ಮದುವೆಯಲ್ಲಿ ಬಾಯಿ ತುಂಬ ತಿನ್ನುತ್ತಿರುವ ಫೋಟೊ ಕೊಟ್ಟುಬಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಕೆತ್ತುವವನು ನಾಳೆಯೊಳಗೆ ಫೋಟೊ ಕಳಿಸಿ ಎಂದಿದ್ದ.

ಪಕ್ಕದ ಮನೆಯ ಅಂಚೆಯವಳು ಮಿಲ್ಕಾ ಫೋನು ಹಿಡಿದು ಬಂದಳು. ರೊಸಂದಾ ಅಂಗಳದ ಬೆಂಚಿನ ಮೇಲೆ ಕೂತಳು. ಮಿಲ್ಕಾ ನಿಂತಲ್ಲಿಂದಲೇ ಫೋಟೊ ತೆಗೆದು ತೋರಿಸಿದಳು.

"ಇದ್ಯಾರೇ ಇದು? ಪಿಂಚಣಿಗೆ ಅರ್ಜಿ ಹಿಡ್ಕೊಂಡು ಬಂದವಳ ಥರ ಇದೀನಿ! ಹಿಂದೆ ಗ್ಯಾಸ್ ಸಿಲಿಂಡರ್ ಬೇರೆ. ಅದನ್ನೂ ಕೆತ್ತಿಸ್ಲಾ?"

"ಇರೋದು ತಾನೇ ಅಕ್ಕಾ ಬರೋದು?"

"ನೀನು ಎಲ್ಲಿ ನಿಂತು ನೋಡ್ತೀಯೋ ಅದು ಬರುತ್ತೆ ಕಣೇ."

ನಲವತ್ತು ವರ್ಷ ಸಂತೆಯಲ್ಲಿ ಮೆಣಸಿನಕಾಯಿ ಮಾರಿದವಳು ರೊಸಂದಾ. ಕೊಳ್ಳುವವರ ಕಣ್ಣು ಎಲ್ಲಿ ಬೀಳುತ್ತದೋ ಆ ಎತ್ತರಕ್ಕೇ ರಾಶಿ ಹಾಕುತ್ತಿದ್ದಳು. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹಿಂದೆ ಬರೀ ಕತ್ತಲು, ಎರಡು ಕಡೆಗೂ ಬಾಗಿಲ ಚೌಕಟ್ಟು.

"ಮಂಡಿ ಊರಿ ತೆಗಿ."

"ಅಯ್ಯೋ, ನನ್ನ ಮಂಡಿ!"

"ಸೈಕಲ್ ಚೈನ್ ಬಿದ್ರೆ ಊರ್ತೀಯಲ್ಲ, ಊರು."

ಮಿಲ್ಕಾ ಗೊಣಗುತ್ತಾ ಊರಿದಳು. ಈ ಸಲ ಫೋನಿನಲ್ಲಿ ಬೇರೆಯೇ ಹೆಂಗಸಿದ್ದಳು: ನೆಟ್ಟಗೆ, ಬಾಗಿಲ ತುಂಬ.

"ಅಕ್ಕಾ, ಇದ್ರಲ್ಲಿ ನೀನು ವೊಯಿನ್ ಅಣ್ಣನಿಗಿಂತ ಎತ್ತರ ಕಾಣ್ತೀಯ."

"ಎತ್ತರ ಇದ್ದೆನಲ್ಲ."

ಮದುವೆಯ ದಿನ ಫೋಟೊದವನು ಅವಳನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ್ದ. ಆಮೇಲೆ ಪ್ರತಿ ಫೋಟೊಗೂ ಅವಳು ಯಾರೂ ಹೇಳದೆಯೇ ಒಂದು ಮೆಟ್ಟಿಲು ಇಳಿಯುತ್ತಿದ್ದಳು. ಕಲ್ಲಿನ ಮೇಲೆ ಇಳಿದುನಿಂತರೆ ಮತ್ತೆ ಹತ್ತುವುದು ಯಾವಾಗ?

"ಕಳಿಸು," ಎಂದಳು.

ಸಂಜೆ ಕೆತ್ತುವವನ ಫೋನು ಬಂತು. "ಅಮ್ಮಾ, ಗಂಡನ ತಲೆಗಿಂತ ನಿಮ್ಮದು ಮೇಲೆ ಹೋಗುತ್ತೆ. ಸ್ವಲ್ಪ ಇಳಿಸ್ಲಾ?"

"ಒಂದು ಬೆರಳೂ ಇಳಿಸ್ಬೇಡಪ್ಪ. ಆ ಫೋಟೊದಲ್ಲಿ ಅವರು ನಿಂತಿರೋದು ಬಿಯರ್ ಪೆಟ್ಟಿಗೆ ಮೇಲೆ. ನೀನು ಪೆಟ್ಟಿಗೆ ಅಳಿಸಿ ಕೆತ್ತಿದೀಯ ಅಷ್ಟೆ."

ಆ ಕಡೆ ನಗು ತಡೆದ ಸದ್ದು ಕೇಳಿತು.

ತಿಂಗಳ ನಂತರ ರೊಸಂದಾ ಗೋರಿಯ ಮೇಲೆ ಒಂದು ಲೋಟ ರಾಕಿಯಾ, ಗಂಡನಿಗೆಂದು ತಂದ ಹಣ್ಣಿನ ಸಾರಾಯಿ, ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕಲ್ಲಿನಲ್ಲಿ ವೊಯಿನ್‌ನ ತಲೆ ಅವಳ ಚಿತ್ರದ ಕಿವಿಯ ಮಟ್ಟಕ್ಕಿತ್ತು, ಇಬ್ಬರೂ ಜೊತೆಗೆ ನಡೆದು ಹೋಗುವಾಗ ಇರುತ್ತಿದ್ದ ಹಾಗೆಯೇ.

"ಇನ್ನು ಪೆಟ್ಟಿಗೆಯಿಂದ ಇಳೀರಿ, ಕಾಲು ನೋಯುತ್ತೆ," ಎಂದಳು.