ಬಲಗಾಲಿನ ಹೊಟ್ಟೆಕಿಚ್ಚು

ಟೈಲರಕ್ಕನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಪೆಡಲ್ ಮಿಷನ್ನು, ಒಂದು ಕನ್ನಡಿ, ನೆಲದ ತುಂಬ ಬಟ್ಟೆಯ ಚೂರು. ಅವಳ ನಾಲಿಗೆ ಎಷ್ಟು ಚುರುಕೋ ಕಾಲೂ ಅಷ್ಟೇ ಚುರುಕು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಈಚೆಗೆ ನಾಲಿಗೆಯ ಚುರುಕು ಮಾತ್ರ ಉಳಿದಿತ್ತು. ಸಂಜೆಯಾದರೆ ಪಾದಗಳು ಮೆಣಸಿನಪುಡಿ ಹಚ್ಚಿದಂತೆ ಉರಿಯುತ್ತಿದ್ದವು, ಬೆಳಗ್ಗೆ ಜೋಮು ಹಿಡಿಯುತ್ತಿದ್ದವು. ಕೆಲವು ಸಲ ಪೆಡಲ್ ಎಲ್ಲಿದೆ ಎಂದೇ ಕಾಲಿಗೆ ಗೊತ್ತಾಗುತ್ತಿರಲಿಲ್ಲ.

ಹೊಸ ಬಟ್ಟೆ ತಂದವರಿಗೆ "ಈಗ ಕೈತುಂಬ ಕೆಲಸ ಇದೆ" ಎಂದು ಸುಳ್ಳು ಹೇಳಿ ವಾಪಸು ಕಳಿಸತೊಡಗಿದಳು. ಮದುವೆಗೆ ಮುಂಚಿನಿಂದ ತುಳಿದ ಮಿಷನ್ನಿಗೆ ಬಟ್ಟೆ ಮುಚ್ಚಿ ಮೂಲೆಗೆ ಸರಿಸುವ ದಿನ ಬಂತಲ್ಲ ಎಂದು ಒಳಗೊಳಗೇ ಅಳುತ್ತಿದ್ದಳು, ಪಾಪ.

ಹೆಂಡತಿಯ ಮುಖ ಬಾಡಿದ್ದು ಗಂಡನ ಕಣ್ಣಿಗೆ ಬಿತ್ತು. ಅವನು ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುವವನು. "ಕಾಲು ಚಾಚು, ನಾನಿದೀನಲ್ಲ" ಎಂದು ಅಂಗಿಯ ತೋಳು ಮಡಚಿ ಕೂತ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಪಾದವನ್ನು ಗುದ್ದಿದ, ತಿರುವಿದ, ಅಂಗೈಯಿಂದ ಅದುಮಿ ಎಳೆದ.

"ಅಯ್ಯೋ, ಬಿಡ್ರೀ! ಇನ್ನು ಒಲೆಗೆ ಹಾಕೋದೊಂದು ಬಾಕಿ!"

"ನೋವಾಗ್ಲೇಬೇಕು ಕಣೇ. ನೋವಾದ್ರೇನೇ ನರ ಬಿಡೋದು."

ನರ ಬಿಡಲಿಲ್ಲ, ನೋವು ಇಮ್ಮಡಿಯಾಯಿತು. ಇನ್ನು ಮಾಲೀಶಿನ ಸುದ್ದಿ ಎತ್ತಿದರೆ ಕತ್ತರಿ ಎಸೆಯುತ್ತೇನೆ ಎಂದು ಟೈಲರಕ್ಕ ಗುಡುಗಿದಳು.

ಮರುದಿನ ಪಕ್ಕದ ಬೀದಿಯ ನರ್ಸಮ್ಮ ಹೊಲಿಯಲು ಕೊಟ್ಟ ಕೋಟು ತೆಗೆದುಕೊಂಡು ಹೋಗಲು ಬಂದಳು. ಹೊಲಿಗೆ ನೋಡಿ ನಗುತ್ತಾ, "ಏನಕ್ಕ, ಇದು ಕುಡಿದು ನಡೆದ ಹಾಗಿದೆ?" ಎಂದಳು. ಅಷ್ಟು ಕೇಳಿದ್ದೇ ತಡ, ಟೈಲರಕ್ಕ ಗಳಗಳನೆ ಅತ್ತುಬಿಟ್ಟಳು.

ಎಲ್ಲವನ್ನೂ ಕೇಳಿದ ನರ್ಸಮ್ಮ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಪಾದಗಳನ್ನು ಮಡಿಲಿಗೆ ತೆಗೆದುಕೊಂಡಳು. ಅಂಗಾಲು, ಹಿಮ್ಮಡಿ, ಬೆರಳ ಸಂದಿ ಒಂದೊಂದೇ ನೋಡಿದಳು. ಬಲಗಾಲಿನ ಹತ್ತಿರ ಅವಳ ನಗು ನಿಂತುಹೋಯಿತು.

"ಅಕ್ಕ, ನಿಮ್ಮ ಹಿಮ್ಮಡೀಲಿ ಗುಂಡುಪಿನ್ನು ನೆಟ್ಟಿದೆ. ಯಾವಾಗ ಚುಚ್ಚಿತು?"

"ಪಿನ್ನಾ? ನನಗೇನೂ ಗೊತ್ತೇ ಆಗ್ಲಿಲ್ವಲ್ಲೇ!"

ಪೆಡಲ್ಲಿನ ಹಿಡಿತ ಸಿಗಬೇಕೆಂದು ಅವಳು ಸದಾ ಬರಿಗಾಲಲ್ಲೇ ಹೊಲಿಯುವವಳು. ನೆಲದಲ್ಲಿ ಬಿದ್ದ ಪಿನ್ನು ಅಂದು ಬೆಳಗ್ಗೆ ಯಾವಾಗಲೋ ಚುಚ್ಚಿದ್ದು ಕಾಲಿಗೆ ತಿಳಿದೇ ಇರಲಿಲ್ಲ. ಉರಿಗೆ ಅಳುತ್ತಿದ್ದವಳು ಈಗ ಹೆದರಿ ನರ್ಸಮ್ಮನ ಕೈ ಹಿಡಿದುಕೊಂಡಳು.

ನರ್ಸಮ್ಮ ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪಿನ್ನು ತೆಗೆದು ಗಾಯಕ್ಕೆ ಕಟ್ಟು ಹಾಕಿದರು, ಇಂಜೆಕ್ಷನ್ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಸದ್ದಿಲ್ಲದೆ ಬಂದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತಿತ್ತು. ಮಾತ್ರೆ ಶುರುವಾಯಿತು, ಕಾಲಿಗೆ ಮೆತ್ತನೆಯ ಚಪ್ಪಲಿಯೂ ಬಂತು.

ಸಂಜೆ ನರ್ಸಮ್ಮ ಬೇಕರಿಯವನನ್ನು ಎದುರಿಗೆ ಕೂರಿಸಿಕೊಂಡಳು. "ಭಾವ, ಒಲೆಯಿಂದ ಆಗತಾನೇ ತೆಗೆದ ಬ್ರೆಡ್ಡನ್ನ ಹೇಗೆ ಹಿಡೀತೀರಿ?"

"ಮೆತ್ತಗೆ. ಅದುಮಿದ್ರೆ ಗುಂಡಿ ಬೀಳುತ್ತೆ."

"ಅದೇ ಕೈ ಇಲ್ಲಿಗೂ. ಬಲಗಾಲು ಮುಟ್ಟಬೇಡಿ, ಗಾಯ ಇದೆ. ಎಡಗಾಲಿಗೆ ಸ್ವಲ್ಪ ಎಣ್ಣೆ ಹಚ್ಚಿ. ಕಾಲ್ಬೆರಳಿಂದ ಹಿಮ್ಮಡಿ ಕಡೆಗೆ ನಿಧಾನವಾಗಿ ಸವರಿ. ಅಂಗಾಲಲ್ಲಿ ನಿಮ್ಮ ಕೈ ಹೆಬ್ಬೆರಳನ್ನ ಸುತ್ತ ತಿರುಗಿಸಿ. ಅಕ್ಕ 'ನೋವು' ಅಂದ ಕೂಡ್ಲೆ ಒತ್ತೋದು ನಿಲ್ಲಿಸಿ. ಆಮೇಲೆ ಬೆರಳ ಸಂದೀಲಿ ಎಣ್ಣೆ ಉಳಿಯದ ಹಾಗೆ ಒರೆಸಿಬಿಡಿ."

"ಇಷ್ಟಕ್ಕೆ ಕಾಯಿಲೆ ಹೋಗುತ್ತಾ? ನನ್ನ ಕಿವಿಗೆ ಹೂವಿಡಬೇಡ" ಎಂದಳು ಟೈಲರಕ್ಕ.

"ಕಾಯಿಲೆ ಹೋಗಲ್ಲ ಅಕ್ಕ. ಅದಕ್ಕೆ ಮಾತ್ರೆ, ಊಟದ ಹಿಡಿತ ಬೇಕು. ಉರಿ ತಗ್ಗೋಕೆ, ನಿದ್ದೆ ಬರೋಕೆ ಇದು ಸಹಾಯ. ಕೆಲವರಿಗೆ ಬೇಗ ಹಿತ ಅನ್ಸುತ್ತೆ, ಕೆಲವರಿಗೆ ಅಷ್ಟಿಲ್ಲ. ಮಾಡಿ ನೋಡಿ."

ಕೆಲವು ದಿನ ಕಳೆದು ನರ್ಸಮ್ಮ ಬಂದಾಗ ಟೈಲರಕ್ಕ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ಎಡಗಾಲು ಹಾಲು ಕುಡಿದ ಮಗು ಹಾಗೆ ಮಲಗುತ್ತೆ ಕಣೇ! ಬಲಗಾಲಿಗೆ ಮಾತ್ರ ಹೊಟ್ಟೆಕಿಚ್ಚು, ಇನ್ನೂ ಉರೀತಿದೆ!"

ಗಾಯ ಪೂರ್ತಿ ಮಾಗಿ, ಡಾಕ್ಟರು ಸರಿ ಎಂದ ಮೇಲೆ ಬಲಗಾಲಿಗೂ ಆ ಭಾಗ್ಯ ಸಿಕ್ಕಿತು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಹಲ್ಲು ಕಚ್ಚಿ ಕೂರುವ ಸಂಜೆಗಳು ಕಡಿಮೆಯಾದವು. ಕಣ್ಣುತುಂಬ ನಿದ್ದೆ ಬಂತು. ಮಾತ್ರೆ ತಪ್ಪಲಿಲ್ಲ, ಬರಿಗಾಲ ಹಟ ತಪ್ಪಿತು. ಚಪ್ಪಲಿಯಲ್ಲೇ ಪೆಡಲ್ ತುಳಿಯುವುದನ್ನು ಅವಳು ಹಳೆಯ ಬಟ್ಟೆಯ ಮೇಲೆ ಹೊಸದಾಗಿ ಕಲಿತಳು. ಒಂದು ಬೆಳಗ್ಗೆ ಹೊಲಿಗೆ ದಾರ ಹಿಡಿದು ಎಳೆದಷ್ಟು ನೇರ ಬಂತು. ಅವಳು ಬೀದಿಗೆ ಬಂದು, ವಾಪಸು ಕಳಿಸಿದವರನ್ನೆಲ್ಲ ಕೂಗಿ ಕರೆದಳು. "ತನ್ನಿ, ತನ್ನಿ! ಮಿಷನ್ನು ಖಾಲಿ ಕೂತಿದೆ!"

ಸಂಜೆ ಗಂಡ ಬೇಕರಿಯಿಂದ ಬಂದಾಗ ಅವನ ಪಾದಗಳನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ದಿನವಿಡೀ ಒಲೆಯ ಮುಂದೆ ನಿಲ್ಲುವ ಕಾಲು ಅದು.

"ನನಗೇನೂ ನೋವಿಲ್ಲ ಕಣೇ!"

"ನನಗೂ ಪಿನ್ನು ನೋಯ್ಲಿಲ್ಲ. ಸುಮ್ನೆ ಕೂತ್ಕೊಳ್ಳಿ."

ಅಂಗಾಲಿಗೆ ಬೆರಳು ತಾಗಿದ್ದೇ ತಡ, ಆ ದೊಡ್ಡ ಆಳು ಕಚಗುಳಿ ತಾಳಲಾರದೆ ಚಾಪೆಯ ಮೇಲೆ ಹೊರಳಾಡಿ ನಕ್ಕ. ಅಕ್ಕಪಕ್ಕದವರು ಏನಾಯಿತೋ ಎಂದು ಓಡಿ ಬಂದರು. ಬಂದವರನ್ನೂ ಟೈಲರಕ್ಕ ಬಿಡಲಿಲ್ಲ. "ಬನ್ನಿ, ಒಬ್ಬೊಬ್ಬರಾಗಿ ಕಾಲು ತೋರಿಸಿ!"

ಕೇಳುತ್ತಿರುವ ನೀವೂ ತೋರಿಸಿ. ಪಾದ ಉರಿದರೆ, ಜೋಮು ಹಿಡಿದರೆ, ಮುಟ್ಟಿದ್ದು ತಿಳಿಯದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಕಾರಣ ತಿಳಿದುಕೊಳ್ಳಿ. ಸುಡುವ ನೀರಲ್ಲಿ ಕಾಲಿಡಬೇಡಿ. ಗಾಯ, ಬಾವು, ಕೆಂಪು ಇದ್ದರೆ ಮಾಲೀಶು ಬೇಡ. ಮಾತ್ರೆಯನ್ನು ನೀವಾಗಿ ಬಿಡಬೇಡಿ. ಇಷ್ಟು ನೋಡಿಕೊಂಡು, ಇವತ್ತು ಸಂಜೆ ನಿಮ್ಮವರ ಪಾದವನ್ನು ಮಡಿಲಿಗೆ ತೆಗೆದುಕೊಳ್ಳಿ. ಮೊದಲು ಕಣ್ಣಿಂದ ನೋಡಿ, ಆಮೇಲೆ ಮೆತ್ತಗೆ ಕೈಯಿಂದ ಸವರಿ.