ಎಡಮೂಲೆಯ ಟೋಪಿ

ಒಂದೇ ಒಂದು ನಿಮಿಷ, ಇದನ್ನು ಕೇಳಿಸಿಕೊಂಡೇ ಹೋಗಿ — ಆ ಟೋಪಿ, ಕಂಪ್ಯೂಟರ್ ಪರದೆಯ ಮೇಲಿನ ಚಿತ್ರದ ಎಡಮೂಲೆಯಲ್ಲಿ, ಕಂದು ಟೋಪಿಯ ಅಂಚು, ಅದನ್ನು ಹಿಡಿದ ಎರಡು ಬೆರಳು, ಅದನ್ನೇ ನೋಡುತ್ತಾ ಕೂತವಳ ಚಹಾ ಆರಿಹೋಗಿದೆ, ಆರಲಿ, ಉಳಿದದ್ದೆಲ್ಲ ಎಷ್ಟು ಚೆನ್ನಾಗಿ ಬಂದಿದೆ, ಕೆರೆ, ಕೆರೆಯೊಳಗೆ ತಲೆಕೆಳಗಾದ ಗುಡ್ಡ, ಮುಂದೆ ಒದ್ದೆ ಕಲ್ಲು, ಆ ಕಲ್ಲು ತೋರಿಸಿದ್ದೂ ಮಾವನೇ, ಅಮ್ಮನ ಅಣ್ಣ, ದೂರದ್ದು ದೂರ ಅಂತ ಗೊತ್ತಾಗೋಕೆ ಹತ್ತಿರದ್ದೊಂದು ಬೇಕಲ್ವೇನೇ ಪುಟ್ಟಿ, ಮಂಡಿಯೂರು, ಪ್ಯಾಂಟು ಒದ್ದೆಯಾದ್ರೆ ಒಣಗುತ್ತೆ — ನಲವತ್ತು ವರ್ಷ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವರಿಗೆ ಭಾನುವಾರ ಬಂದರೆ ಗುಡ್ಡದ ಹುಚ್ಚು, ಸ್ಕೂಟರಿನ ಹಿಂದೆ ಟ್ರೈಪಾಡ್ ತಬ್ಬಿಕೊಂಡು ಅವಳು, ಜನಕ್ಕೆ ಸ್ವಲ್ಪ ನಗಿ ಅನ್ಬಹುದು, ಗುಡ್ಡಕ್ಕೆ ಅನ್ನೋಕಾಗುತ್ತಾ, ಕಾಯ್ಬೇಕು ಕಣೇ, ಎಷ್ಟು ಕಾದಿದ್ದರು ಇಬ್ಬರೂ, ಮೋಡ ಸರಿಯಲಿ ಅಂತ, ಗಾಳಿ ನಿಲ್ಲಲಿ ಅಂತ, ಅವಳು ಆಕಳಿಸಿದರೆ, ಬಾಯಿ ಮುಚ್ಚೇ, ಇರೋ ಬೆಳಕನ್ನೆಲ್ಲ ನುಂಗಿಬಿಟ್ಟೀಯ, ಬಟನ್ ಒತ್ತೋ ಮುಂಚೆ ನಾಲ್ಕೂ ಅಂಚು ನೋಡ್ದ್ಯಾ, ನೋಡ್ದೆ ಮಾವ, ಸುಳ್ಳಿ — ಈ ಚಿತ್ರ ತೆಗೆದ ದಿನ ನಿಜವಾಗಿಯೂ ನೋಡಿರಲಿಲ್ಲ, ಬಿಸಿಲು ಪಕ್ಕದಿಂದ ಲೆನ್ಸಿಗೆ ಹೊಡೆದು ಚಿತ್ರ ಮಸುಕಾಗುತ್ತಿತ್ತು, ಮಾವ ಟೋಪಿ ತೆಗೆದು ನೆರಳು ಹಿಡಿದರು, ತಲೆಯ ಮೇಲಿದ್ದ ನಾಲ್ಕು ಕೂದಲು ಗಾಳಿಗೆ ಎದ್ದು ನಿಂತಿವೆ, ಒತ್ತೇ, ಬೆಳಕು ಹೋಗುತ್ತೆ, ಒತ್ತಿದಳು, ಟೋಪಿಯೂ ಒಳಗೆ ಬಂತು. ಗುರುವಾರ ಮಾವ ನಿದ್ದೆಯಲ್ಲೇ ಹೋಗಿಬಿಟ್ಟರು. ಜೊತೆಗೆ ಅಲೆದು ತೆಗೆದ ಮೂರು ವರ್ಷದ ಚಿತ್ರಗಳನ್ನೆಲ್ಲ ಜಾಲಾಡಿದಳು, ಕೆರೆ, ಗುಡ್ಡ, ಗುಡ್ಡ, ಕೆರೆ, ಬೇರೆ ಒಂದರಲ್ಲೂ ಮಾವ ಇಲ್ಲ, ಪಕ್ಕಕ್ಕೆ ಹೋಗಿ ಮಾವ, ಫ್ರೇಮಲ್ಲಿ ಬರ್ತಿದ್ದೀರ ಅಂತ ಓಡಿಸಿದವಳು ಇವಳೇ, ಅವರೂ ನಗುನಗುತ್ತಾ ಓಡುತ್ತಿದ್ದರು, ಆ ವಯಸ್ಸಲ್ಲಿ, ಕಲ್ಲುಗಳ ಮೇಲೆ — ಈಗ ಪ್ರದರ್ಶನದವರ ಫೋನು, ಮೇಡಂ, ನಿಮ್ಮದು ಆಯ್ಕೆಯಾಗಿದೆ, ಗೋಡೆಯಷ್ಟು ದೊಡ್ಡದಾಗಿ ಹಾಕ್ತೀವಿ, ಮೂಲೆಯಲ್ಲಿರೋ ಆ ಕಂದು ಕಲೆ ಮಾತ್ರ ತೆಗೆದು ಮಧ್ಯಾಹ್ನದೊಳಗೆ ಕಳಿಸಿ, ಇಲ್ಲಾಂದ್ರೆ ಬೇರೆಯವರದ್ದು ಹಾಕ್ಬೇಕಾಗುತ್ತೆ. ಕಲೆಯಂತೆ. ಮೂಲಪ್ರತಿ ಎಲ್ಲಿಗೆ ಹೋಗುತ್ತೆ, ಇದ್ದೇ ಇರುತ್ತಲ್ಲ, ಸರಿ, ಕಂಪ್ಯೂಟರಿನ ಹೊಟ್ಟೆಯೊಳಗೆ, ಗೋಡೆಯ ಮೇಲಲ್ಲ, ಅವಳ ಮೊದಲ ಗೋಡೆ — ಮಾವ ಏನನ್ನುತ್ತಿದ್ದರೆಂದು ಗೊತ್ತು, ಕತ್ತರಿಸೇ ದಡ್ಡಿ, ಅಂಚು ನೋಡೋದು ಯಾವಾಗ ಕಲೀತೀಯ — ಪರದೆಯ ಮೇಲೆ ಕತ್ತರಿಸುವ ಗೆರೆ ಎಳೆಯುತ್ತಾಳೆ, ಬೆರಳುಗಳ ತನಕ ಬಂದು ನಿಲ್ಲುತ್ತದೆ, ಫಿಲ್ಮ್ ತೊಳೆದು ತೊಳೆದು ಹಳದಿಯಾದ ಉಗುರು, ಗೆರೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಟೋಪಿ, ಎರಡು ಬೆರಳು, ಟೋಪಿ — ನೀವಾಗಿದ್ದರೆ ಕತ್ತರಿಸುತ್ತಿದ್ದಿರಾ?