ಪರದೆಯ ಮೇಲೆ ಖಾಲಿ ಅಂಗಳ

ರಕ್ಷಿತಾ ಕೆಲಸ ಮಾಡುತ್ತಿದ್ದದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ. ಕಾರಿನ ಸ್ಟೀರಿಂಗ್ ಪಕ್ಕ ಒಂದು ದೊಡ್ಡ ಪರದೆ ಇರುತ್ತದಲ್ಲ, ಹಾಡು, ಫೋನು, ದಾರಿ, ಹಿಂಬದಿಯ ಕ್ಯಾಮೆರಾ ಎಲ್ಲವನ್ನೂ ತೋರಿಸುವಂಥದ್ದು, ಅದರೊಳಗಿನ ಸಾಫ್ಟ್‌ವೇರ್ ಬರೆಯುವ ತಂಡ ಅವಳದು. ಬರೆದದ್ದನ್ನು ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಮಾಡೆಲ್ ಕಾರಿಗೆ ತುಂಬಿಸಿ, ರಸ್ತೆಯಲ್ಲಿ ಓಡಿಸಿ ನೋಡುವ ಕೆಲಸವೂ ಅವಳಿಗೇ ಬೀಳುತ್ತಿತ್ತು. ಓಡಿಸುತ್ತಿದ್ದವನು ಚನ್ನಪಟ್ಟಣದ ಓವೈಸ್. ಮಾತು ಕಡಿಮೆ, ಕೈ ನಿಧಾನ.

ಆ ದಿನ ಮಾಗಡಿ, ರಾಮನಗರ ಸುತ್ತಿಕೊಂಡು ಕನಕಪುರಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ರಕ್ಷಿತಾಳ ಮನೆ ಅಲ್ಲೇ. ಊಟ ಮಾಡಿಕೊಂಡೇ ಹೋಗೋಣವೆಂದು ಕಾರನ್ನು ಅಂಗಳಕ್ಕೆ ತಂದರು. ಅತ್ತೆ ಗಿರಿಜಾಂಬ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ, "ಇನ್ನೊಂದ್ ಮುದ್ದೆ ಹಾಕಿಸ್ಕಳಪ್ಪ, ನಾಚ್ಕಬ್ಯಾಡ" ಎಂದು ಓವೈಸನನ್ನು ಒತ್ತಾಯ ಮಾಡಿದರು.

ಊಟವಾದ ಮೇಲೆ ಇಬ್ಬರೂ ಕಾರು ಹತ್ತಿದರು. ಓವೈಸ್ ರಿವರ್ಸ್ ಗೇರಿಗೆ ಹಾಕುವುದಕ್ಕೂ ಅವನ ಫೋನು ಕಾರಿನ ಸ್ಪೀಕರಿನಲ್ಲಿ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಫೋನಿನ ಸದ್ದು ನಿಂತಿತು. ಪರದೆಯ ಮೇಲೆ ಹಿಂದಿನ ಅಂಗಳ ಮೂಡಿತು: ನೀರಿನ ತೊಟ್ಟಿ, ಚೀಲದ ಮೇಲೆ ಹರವಿದ ರಾಗಿ, ಅದನ್ನು ಹೆಕ್ಕಲು ಬಂದ ಪಕ್ಕದ ಮನೆಯ ಕೋಳಿ. ಬೇರೆ ಯಾರೂ ಇಲ್ಲ. ಸ್ಟೀರಿಂಗ್ ತಿರುಗಿದಂತೆ ಚಿತ್ರದ ಮೇಲಿನ ಹಳದಿ ಗೆರೆಗಳೂ ತಿರುಗಿದವು. ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು.

ಕೋಳಿ ಒಂದು ಕಾಲು ಎತ್ತಿತ್ತು, ಎತ್ತಿದ್ದು ಎತ್ತಿದಂತೆಯೇ ಇತ್ತು. ಅದು ಕಾಲು ಇಳಿಸಲಿ ಎಂದು ತಾನು ಕಾಯುತ್ತಿದ್ದೇನೆಂಬುದು ರಕ್ಷಿತಾಳಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಓವೈಸ್, ನಿಲ್ಸಿ! ನಿಲ್ಸಿ!"

ಬ್ರೇಕು ಬಿತ್ತು. ಅದಕ್ಕೂ ಮೊದಲೇ ಹಿಂದೆ ಏನೋ ಮೆತ್ತಗೆ ತಗುಲಿತ್ತು.

ಗಿರಿಜಾಂಬ ರಾಗಿಯ ಮೇಲೆ ಬಿದ್ದಿದ್ದರು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಎತ್ತಿ ಕೂರಿಸಿದಾಗ, "ನಂದೇ ತಪ್ಪು ಕಣವ್ವ, ರಾಗಿ ಬಾಚ್ಕಳನ ಅಂತ ಬಗ್ಗಿದ್ದೆ, ಅವನ್ನ ಬಯ್ಬ್ಯಾಡ" ಎಂದರು.

ಓವೈಸ್ ಕಾರಿನಿಂದಿಳಿದು ಓಡಿಬಂದ. "ಸ್ಕ್ರೀನಲ್ಲಿ ಯಾರೂ ಇರ್ಲಿಲ್ಲ ಮೇಡಂ. ಅಲ್ಲಾನಾಣೆಗೂ ಯಾರೂ ಇರ್ಲಿಲ್ಲ."

ಹಿಂದೆ ಏನಾದರೂ ಅಡ್ಡ ಬಂದರೆ ಕೂಗಬೇಕಾದ ಬೀಪ್ ಕೂಡ ಕೂಗಿರಲಿಲ್ಲ.

ತಂಡದ ಮುಖ್ಯಸ್ಥ ಉದಯಶಂಕರ್ ಕೆಟ್ಟ ಮನುಷ್ಯನಲ್ಲ. ಆಸ್ಪತ್ರೆಗೆ ತಾನೇ ಬಂದು ಗಿರಿಜಾಂಬರ ಪಕ್ಕ ಕೂತು ಮಾತಾಡಿಸಿದ್ದ. ಆದರೆ ಆಫೀಸಿನಲ್ಲಿ ಅವನ ಮಾತು ಬೇರೆ. "ಕ್ಯಾಮೆರಾ ಸರಿಯಿತ್ತು, ಸೆನ್ಸರ್ ಸರಿಯಿತ್ತು ಅಂತ ಕಾರಿನ ರೆಕಾರ್ಡೇ ಹೇಳ್ತಿದೆ, ರಕ್ಷಿತಾ. ಡ್ರೈವರ್ ಫೋನಲ್ಲಿದ್ದ. ಅಷ್ಟೇ."

"ಫೋನಲ್ಲಿರಲಿಲ್ಲ ಸರ್. ಫೋನ್ ಬಂತು. ಪರದೆ ಸತ್ತಿತ್ತು. ನಾನೇ ನೋಡಿದೀನಿ."

"ಗೆರೆ ತಿರುಗ್ತಾ ಇತ್ತು ಅಂತ ನೀವೇ ಹೇಳಿದ್ರಿ. ಸತ್ತ ಪರದೇಲಿ ಗೆರೆ ಹೇಗೆ ತಿರುಗುತ್ತೆ?"

ಗೆರೆ ಬರೆಯುವ ಸಾಫ್ಟ್‌ವೇರ್ ಬೇರೆ, ಚಿತ್ರ ತರುವುದು ಬೇರೆ. ಅದು ಅವನಿಗೂ ಗೊತ್ತಿತ್ತು. ಆದರೂ ಓವೈಸನಿಗೆ ಇನ್ನು ಬರಬೇಡ ಎಂದು ಹೇಳಿ ಕಳಿಸಿದರು.

ಅವಳು ಮತ್ತೆ ಮತ್ತೆ ಪರೀಕ್ಷಿಸಿದಳು. ಗೇರು ಹಾಕಿ, ಫೋನು ಮಾಡಿ, ಹಾಡು ಜೋರು ಮಾಡಿ. ಪರದೆ ಒಮ್ಮೆಯೂ ತಪ್ಪಲಿಲ್ಲ. ಅದು ಸರಿಯಾಗಿ ನಡೆದಷ್ಟೂ ಅವಳಿಗೆ ಹೆದರಿಕೆ ಹೆಚ್ಚಿತು. ಮನೆಗೆ ಬಂದು ಅತ್ತೆಯ ತಲೆ ಬಾಚುವಾಗ, ಆ ಕೋಳಿ ನಿಜವಾಗಿಯೂ ಕಾಲೆತ್ತಿತ್ತೇ ಎಂದು ತನ್ನ ಮೇಲೇ ಅನುಮಾನ ಬರುತ್ತಿತ್ತು.

ಕೊನೆಗೆ ಓವೈಸನಿಗೆ ಫೋನು ಮಾಡಿದಳು. "ಆವತ್ತು ಏನೇನು ಮಾಡಿದ್ರಿ? ಬಿಡದೆ ಹೇಳಿ."

"ಮನೆಯಿಂದ ಫೋನ್ ಬಂತು ಮೇಡಂ. ಕಟ್ ಮಾಡಾನ ಅಂತ ಸ್ಟೀರಿಂಗ್ ಮ್ಯಾಲಿನ ಬಟನ್ ಒತ್ತಿದೆ. ಆ ಕೈ ಒತ್ತೋವಾಗ್ಲೇ ಈ ಕೈ ಗೇರಾಕ್ತು. ಎಲ್ಡೂ ಒಂದೇ ಕಿತ."

ಮರುದಿನ ಅವಳೂ ಹಾಗೇ ಮಾಡಿದಳು. ಬಹಳ ಸಲ ಏನೂ ಆಗಲಿಲ್ಲ. ಆಮೇಲೊಮ್ಮೆ ಪರದೆ ನಿಂತಿತು. ಕಂಪನಿಯ ಹಿತ್ತಿಲಿನ ಬೇವಿನ ಮರದ ಎಲೆಗಳು ಹೊರಗೆ ಗಾಳಿಗೆ ಆಡುತ್ತಿದ್ದರೆ ಪರದೆಯಲ್ಲಿ ಒಂದೂ ಅಲುಗಲಿಲ್ಲ. ಸಾಫ್ಟ್‌ವೇರಿನಲ್ಲಿ ಫೋನು ಮುಗಿಸಬೇಕಾದ ಭಾಗ, ಪರದೆ ತನಗೆ ಸಿಗಲಿ ಎಂದು ಕಾಯುತ್ತಿತ್ತು. ಪರದೆಯ ಭಾಗ, ಬೀಪ್ ಹಾಕಲು ಫೋನಿನ ಭಾಗ ಸ್ಪೀಕರ್ ಬಿಡಲಿ ಎಂದು ಕಾಯುತ್ತಿತ್ತು. ಬಾಗಿಲಲ್ಲಿ ಎದುರುಬದುರಾಗಿ ನೀ ಮೊದಲು, ನೀ ಮೊದಲು ಎಂದು ನಿಂತ ಇಬ್ಬರ ಹಾಗೆ ಎರಡೂ ಅಲ್ಲೇ ನಿಂತಿದ್ದವು.

ಅವಳು ಕಾರಿನ ಇಂಜಿನ್ ಮಾತ್ರ ಆರಿಸಿ, ಪರದೆಯನ್ನು ಹಾಗೇ ಬಿಟ್ಟು, ಉದಯಶಂಕರನನ್ನು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. "ಪರದೆ ನೋಡ್ತಾ ಇರಿ ಸರ್" ಎಂದು ಇಳಿದು ಹೋದಳು.

ಉದಯಶಂಕರ್ ನೋಡಿದ. ಮರ, ಗೋಡೆ, ಖಾಲಿ ಜಾಗ. "ರಕ್ಷಿತಾ, ಎಲ್ಲಿದೀರಿ?" ಎಂದು ಕೂಗಿದ. ಸ್ಟೀರಿಂಗ್ ಅಲುಗಿಸಿದ, ಗೆರೆಗಳು ವಿಧೇಯವಾಗಿ ತಿರುಗಿದವು. ಬಾಗಿಲು ತೆಗೆದು ಹಿಂದಕ್ಕೆ ಬಗ್ಗಿ ನೋಡಿದ. ಅವಳು ಡಿಕ್ಕಿಗೆ ಒರಗಿಕೊಂಡು ನಿಂತಿದ್ದಳು. ಅವನು ಮತ್ತೆ ಪರದೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಅವನ ಮುಖದ ಬಣ್ಣ ಇಳಿಯಿತು. ಅವಳು ಗೆದ್ದೆನೆಂದುಕೊಂಡಳು.

"ಓವೈಸನ್ನ ವಾಪಸ್ ಕರೆಸ್ತೀನಿ" ಎಂದ ಅವನು, ಇಳಿಯದೆ ಕೂತಲ್ಲಿಂದಲೇ. "ಹೊಸ ಮಾಡೆಲ್ ಕಳಿಸೋದು ನಿಲ್ಲಿಸ್ತೀನಿ. ಚಿತ್ರ ನಿಂತರೆ ಪರದೆ ಕಪ್ಪಾಗೋ ಹಾಗೆ ನೀವು ಬರೀರಿ." ಪರದೆಯತ್ತ ಬೆರಳು ತೋರಿಸಿ ಹೇಳಿದ: "ಈ ಫೋನಿನ ಭಾಗ ನಾವು ಹೊಸದಾಗಿ ಬರೆದದ್ದಲ್ಲ, ರಕ್ಷಿತಾ. ಹಳೇ ಮಾಡೆಲ್‌ನಿಂದ ಹಾಗೇ ಎತ್ತಿಕೊಂಡಿದ್ದು."

ಹಳೆಯ ಮಾಡೆಲ್ ಕಾರುಗಳು ಆಗಲೇ ಮಾರಾಟವಾಗಿ ರಸ್ತೆಯ ಮೇಲಿದ್ದವು.

ಕಾರು ತಯಾರಿಸುವವರಿಗೆ ಬರೆದರು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಮತ್ತೆ ಬರೆದರು. ಮುಂದಿನ ಸರ್ವಿಸಿಗೆ ಬಂದ ಕಾರುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಲಾಗುವುದು, ಗ್ರಾಹಕರನ್ನು ಗಾಬರಿಪಡಿಸುವ ಅಗತ್ಯವಿಲ್ಲ ಎಂದರು. ಸರ್ವಿಸಿಗೆ ಬಾರದ ಕಾರುಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಓವೈಸ್ ಮತ್ತೆ ಕೆಲಸಕ್ಕೆ ಬಂದ, ಆದರೆ ರಿವರ್ಸ್ ಹಾಕುವ ಮುನ್ನ ಪ್ರತಿ ಸಲ ಇಳಿದು ಹೋಗಿ ನೋಡಿ ಬರುತ್ತಿದ್ದ.

ಬ್ಯಾಂಡೇಜು ಬಿಚ್ಚಿಸಲು ಗಿರಿಜಾಂಬರನ್ನು ರಾಮನಗರಕ್ಕೆ ಕರೆದೊಯ್ದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಆಸ್ಪತ್ರೆಯ ಮುಂದೆ ಎಳನೀರು ಕುಡಿಯುತ್ತ ಗುಂಪು ನಿಂತಿತ್ತು. ಅದರತ್ತ ಒಂದು ಕಾರು ಹಿಂದಕ್ಕೆ ಬರತೊಡಗಿತು. ಅದೇ ಹಳೆಯ ಮಾಡೆಲ್. ಡ್ರೈವರ್ ಕತ್ತು ತಿರುಗಿಸಿರಲಿಲ್ಲ; ಅವನ ಕಣ್ಣು ಪರದೆಯ ಮೇಲೇ ಇತ್ತು.

ರಕ್ಷಿತಾ ಅತ್ತೆಯನ್ನು ಬದಿಗೆಳೆದು ಓಡಿಹೋಗಿ ಡಿಕ್ಕಿಯ ಮೇಲೆ ಬಡಿದಳು. ಕಾರು ನಿಂತಿತು.

"ಯಾಕಕ್ಕ ಅಂಗ್ ಬಡೀತೀರ?" ಡ್ರೈವರ್ ತಲೆ ಹೊರಗೆ ಹಾಕಿದ. "ಎಲ್ಲಾ ಕಾಣ್ತಾ ಐತೆ ಬುಡಿ."

"ತಿರುಗಿ ನೋಡ್ಕೊಂಡು ಬನ್ನಿ. ಪರದೆ ನಂಬಬೇಡಿ."

"ಇಷ್ಟ್ ದುಡ್ಡು ಕೊಟ್ಟು ತಗಂಡಿರೋದು ತಿರುಗಿ ನೋಡಕ್ಕಾ?" ಅವನು ನಕ್ಕು ತಲೆ ಒಳಗೆಳೆದುಕೊಂಡ. ಕಾರಿನೊಳಗೆ ಫೋನು ಹೊಡೆದುಕೊಳ್ಳತೊಡಗಿತು.

ಗುಂಪಿನವರು ಎಳನೀರು ಹಿಡಿದು ಅವಳನ್ನೇ ನೋಡುತ್ತಿದ್ದರು. ಅವಳು ಕಾರಿನ ಹಿಂದಿನಿಂದ ಸರಿಯಲಿಲ್ಲ. ಎರಡೂ ಕೈ ಚಾಚಿ, "ಎಲ್ಲರೂ ಪಕ್ಕಕ್ಕೆ ಹೋಗಿ" ಎಂದು ಕೂಗಿದಳು.